ಭೀಮಾ ನದಿಗೆ ಶಾರ್ಕ್ ಬರುತ್ತಾ?

ಪ್ರಶ್ನೆ: ಸರ್, ನಮ್ಮದು ಯಾದಗಿರಿ. ಮಗ ಎಂಟನೇ ಕ್ಲಾಸು. ನದಿಯಲ್ಲಿ ಶಾರ್ಕ್ ಈಜುವ ವಿಡಿಯೋ ನೋಡಿ, ಭೀಮಾಕ್ಕೂ ಬರುತ್ತಾ ಅಂತ ಕೇಳುತ್ತಿದ್ದಾನೆ. ಶಾರ್ಕ್ ಸಮುದ್ರದ್ದು, ಸಿಹಿನೀರಿಗೆ ಬಂದರೆ ಸಾಯುತ್ತೆ ಅಂದೆ. ಒಪ್ಪುತ್ತಿಲ್ಲ.

ಉತ್ತರ: ಮಗನ ಅನುಮಾನ ಸರಿಯಾಗಿಯೇ ಇದೆ. ಹೆಚ್ಚಿನ ಶಾರ್ಕ್‌ಗಳು ಸಿಹಿನೀರಿನಲ್ಲಿ ಬದುಕುವುದಿಲ್ಲ, ನಿಜ. ಆದರೆ ಬುಲ್ ಶಾರ್ಕ್ ಅನ್ನುವ ಜಾತಿ ಬದುಕುತ್ತೆ. 1937ರಲ್ಲಿ ಅಮೆರಿಕದ ಮಿಸಿಸಿಪ್ಪಿ ನದಿಯಲ್ಲಿ, ಸಮುದ್ರದಿಂದ ಸಾವಿರ ಕಿಲೋಮೀಟರಿಗೂ ಆಚೆ, ಆಲ್ಟನ್ ಎಂಬ ಊರಿನ ಹತ್ತಿರ ಮೀನುಗಾರರಿಗೆ ಒಂದು ಸಿಕ್ಕಿತ್ತು. ಅಮೆಜಾನ್ ನದಿಯಲ್ಲಿ ಪೆರು ದೇಶದ ತನಕ ಹೋಗಿದ್ದೂ ಇದೆ.

ಇದರಲ್ಲಿ ಕಷ್ಟ ಏನು ಅಂತ ತಿಳಿಯಬೇಕಾದರೆ ಉಪ್ಪಿನಕಾಯಿ ಭರಣಿ ನೆನಪಿಸಿಕೊಳ್ಳಿ. ಮಾವಿನ ಹೋಳಿಗೆ ಉಪ್ಪು ಹಾಕಿಟ್ಟರೆ ಹೋಳಿನೊಳಗಿನ ನೀರು ಹೊರಗೆ ಬರುತ್ತೆ, ಅಲ್ವಾ? ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಸಮುದ್ರ ಮೀನಿನ ಮೈಗೂ ಹಾಗೇ ಮಾಡುತ್ತೆ. ಶಾರ್ಕ್ ಇದಕ್ಕೆ ಮಾಡಿಕೊಂಡ ಉಪಾಯ ನನಗೆ ಎಷ್ಟು ಸಲ ಓದಿದರೂ ಬೆರಗು. ನಾವು ಮೂತ್ರದಲ್ಲಿ ಹೊರಹಾಕುವ ಯೂರಿಯಾವನ್ನು ಅದು ರಕ್ತದಲ್ಲೇ ಉಳಿಸಿಕೊಳ್ಳುತ್ತೆ, ಹೀಗಾಗಿ ಮೈಯೊಳಗಿನ ದ್ರವ ಸಮುದ್ರದ ನೀರಿಗೆ ಸರಿಸಮನಾಗಿ ಗಾಢವಾಗುತ್ತೆ, ನೀರು ಹೊರಗೆ ಹೋಗುವುದು ನಿಲ್ಲುತ್ತೆ. ಶಹಾಪುರ, ಸುರಪುರದ ಕಡೆ ಭತ್ತಕ್ಕೆ ಹಾಕುವ ಯೂರಿಯಾ ಗೊಬ್ಬರ ಇದೆಯಲ್ಲ, ಅದೇ ವಸ್ತು ಇದು! ಅಷ್ಟು ಯೂರಿಯಾ ಇದ್ದರೆ ಮೈಯ ಪ್ರೋಟೀನ್ ಕೆಡಬೇಕು. ಕೆಡದಂತೆ ಕಾಯಲು ಟಿಎಂಎಒ ಅನ್ನುವ ಇನ್ನೊಂದು ವಸ್ತು ಜೊತೆಗಿರುತ್ತೆ. ಸತ್ತ ಶಾರ್ಕ್ ಅಮೋನಿಯಾ ವಾಸನೆ ಹೊಡೆಯುವುದೂ ಈ ಯೂರಿಯಾ ಕೊಳೆತೇ.

ಇಂಥ ಮೈ ಸಿಹಿನೀರಿಗೆ ಬಂದರೆ ಎಲ್ಲ ತಿರುಗಾಮುರುಗಾ. ನೀರು ಒಳಗೆ ನುಗ್ಗುತ್ತೆ, ಉಪ್ಪು ಸೋರಿಹೋಗುತ್ತೆ. ಬುಲ್ ಶಾರ್ಕ್ ಆಗ ಯೂರಿಯಾ ಕಡಿಮೆ ಮಾಡಿಕೊಳ್ಳುತ್ತೆ. ತೆಳು ಮೂತ್ರ ಜಾಸ್ತಿ ಮಾಡುತ್ತೆ. ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತೆ, ಸಮುದ್ರದಲ್ಲಿದ್ದಾಗ ಉಪ್ಪು ಹೊರಹಾಕುತ್ತಿದ್ದ ಗ್ರಂಥಿ ಕೆಲಸ ನಿಧಾನ ಮಾಡುತ್ತೆ. ಇಷ್ಟೆಲ್ಲ ಯಾಕೆ ಅಂದರೆ, ಮರಿಗಳಿಗಾಗಿ. ತಾಯಿ ನದಿ ಸಮುದ್ರ ಸೇರುವಲ್ಲಿ ಮರಿ ಹಾಕುತ್ತೆ. ಮರಿ ತಿನ್ನುವ ದೊಡ್ಡ ಶಾರ್ಕ್‌ಗಳು ಉಪ್ಪು ಕಡಿಮೆ ಇರುವ ಆ ನೀರಿಗೆ ಜಾಸ್ತಿ ಬರುವುದಿಲ್ಲ.

ಇನ್ನು ಭೀಮಾ. ಬಂಗಾಳ ಕೊಲ್ಲಿಯಿಂದ ಯಾದಗಿರಿಗೆ ಬರಬೇಕಾದರೆ ಕೃಷ್ಣೆಯಲ್ಲಿ ವಿಜಯವಾಡದ ಪ್ರಕಾಶಂ ಬ್ಯಾರೇಜ್, ಆಮೇಲೆ ನಾಗಾರ್ಜುನಸಾಗರ, ಶ್ರೀಶೈಲ, ಜುರಾಲ ದಾಟಬೇಕು. ಯಾವ ಶಾರ್ಕೂ ಆ ಗೋಡೆಗಳನ್ನು ಹತ್ತಲಾರದು. ಹಾಗಾಗಿ ಬರುವುದಿಲ್ಲ ಅಂತ ಮಗನಿಗೆ ಧೈರ್ಯವಾಗಿ ಹೇಳಿ, ಆದರೆ ಸಿಹಿನೀರು ಕಾರಣ ಅಂತ ಹೇಳಬೇಡಿ. ಮತ್ತೆ ದಯವಿಟ್ಟು, ಶಾರ್ಕ್ ಇಲ್ಲ ಅಂತ ಅವನನ್ನು ಒಬ್ಬನೇ ನದಿಗೆ ಬಿಡಬೇಡಿ. ನಮ್ಮ ಕಡೆ ಮೊಸಳೆ ಇವೆ.

ಪ್ರಶ್ನೆ: ಬೀದರ್‌ನಲ್ಲಿ ಮೀನಿನ ಅಂಗಡಿಯಿಂದ ಎರಡು ಸಣ್ಣ ಶಾರ್ಕ್ ತಂದು ಗಾಜಿನ ತೊಟ್ಟಿಯಲ್ಲಿ ಬಿಟ್ಟಿದ್ದೇವೆ. ಕಚ್ಚುತ್ತವಾ?

ಉತ್ತರ: ಅವು ಶಾರ್ಕ್ ಅಲ್ಲ. ಆ ಹೆಸರಲ್ಲಿ ಮಾರುವುದು ಸಾಮಾನ್ಯವಾಗಿ ಪಂಗಾಸಿಯಸ್, ಮೀಸೆ ಮೀನಿನ ಬಳಗದ್ದು. ಕಚ್ಚುವುದಿಲ್ಲ, ಆದರೆ ಒಂದು ಮೀಟರಿಗೂ ಉದ್ದ ಬೆಳೆಯುತ್ತೆ. ಸಣ್ಣ ತೊಟ್ಟಿಯಲ್ಲಿ ಪಾಪ ಅದಕ್ಕೇ ಹಿಂಸೆ.

ಪ್ರಶ್ನೆ: ಶಹಾಬಾದ್ ಕಲ್ಲಿನ ಗಣಿಯಲ್ಲಿ ಚೂಪಾದ ಬಿಳಿ ಹಲ್ಲಿನಂಥದ್ದು ಸಿಕ್ಕಿದೆ. ಶಾರ್ಕ್ ಹಲ್ಲಾ?

ಉತ್ತರ: ಆಗಲಾರದು. ಶಾರ್ಕಿನ ಮೈಯಲ್ಲಿ ಗಟ್ಟಿ ಎಲುಬಿಲ್ಲ, ನಮ್ಮ ಕಿವಿಯ ಹಾಗೆ ಮೆದು ಮೂಳೆ. ಅದು ಬೇಗ ಕೊಳೆಯುತ್ತೆ. ಹಲ್ಲು ಮಾತ್ರ ಗಟ್ಟಿ, ಜೀವನಪೂರ್ತಿ ಉದುರಿ ಹೊಸದು ಬರುತ್ತಲೇ ಇರುತ್ತೆ, ಒಂದೊಂದು ಶಾರ್ಕ್ ಸಾವಿರಾರು ಹಲ್ಲು ಬೀಳಿಸುತ್ತೆ. ಅದಕ್ಕೇ ಲೋಕದಲ್ಲಿ ಎಲ್ಲೆಲ್ಲೂ ಶಾರ್ಕ್ ಹಲ್ಲಿನ ಪಳೆಯುಳಿಕೆ ಸಿಗುತ್ತವೆ. ಆದರೆ ನಮ್ಮ ಶಹಾಬಾದ್ ಕಲ್ಲು 54 ಕೋಟಿ ವರ್ಷಕ್ಕೂ ಹಿಂದಿನದು. ಆಗ ಶಾರ್ಕ್ ಇರಲಿ, ಮೀನೇ ಹುಟ್ಟಿರಲಿಲ್ಲ. ಸುಣ್ಣದ ಕಲ್ಲಿನ ಬಿರುಕಿನಲ್ಲಿ ಕ್ಯಾಲ್ಸೈಟ್ ಹರಳು ನಾಯಿಹಲ್ಲಿನ ಹಾಗೆ ಚೂಪಾಗಿ ಬೆಳೆಯುತ್ತೆ, ನಿಮಗೆ ಸಿಕ್ಕಿದ್ದು ಅದೇ ಇರಬೇಕು. ಹತ್ತಿರದ ಹೈಸ್ಕೂಲಿಗೆ ಒಯ್ದು, ಲ್ಯಾಬಿನಲ್ಲಿ ಮೇಷ್ಟ್ರ ಕೈಯಿಂದಲೇ ತೆಳು ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಹಾಕಿಸಿ. ಬುರುಬುರು ನೊರೆ ಬಂದರೆ ಕ್ಯಾಲ್ಸೈಟ್.