ಉತ್ತರ: ಕ್ಸಾಂಪ್‌ನಲ್ಲಿ ಅಪಾಚೆ ಶುರುವಾಗುತ್ತಿಲ್ಲ, ಎಡಿಟರ್ ಯಾವುದು?

ಪಿಎಚ್‌ಪಿ (ವೆಬ್ ಪುಟಗಳಿಗೆ ಬಳಸುವ ಪ್ರೋಗ್ರಾಮಿಂಗ್ ಭಾಷೆ) ಕಲಿಯಲು ಕ್ಸಾಂಪ್ (ವೆಬ್ ಸರ್ವರ್, ಡೇಟಾಬೇಸ್ ಎಲ್ಲ ಒಟ್ಟಿಗೆ ಬರುವ ಪ್ಯಾಕೇಜ್) ಹಾಕಿದ್ದೀರಿ. ಅದರಲ್ಲಿ ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್ ಸರಿಯಾಗಿ ಓಡುತ್ತಿದೆ, ವೆಬ್ ಸರ್ವರ್ ಆದ ಅಪಾಚೆ ಮಾತ್ರ ಸ್ಟಾರ್ಟ್ ಒತ್ತಿದ ಕೂಡಲೇ ನಿಲ್ಲುತ್ತಿದೆ ಅಂದಿದ್ದೀರಿ. ಹಾಗಿದ್ದರೆ ಬಹುಶಃ ಪೋರ್ಟ್ ಜಗಳ, ಅಂದರೆ ಅಪಾಚೆಗೆ ಬೇಕಾದ ಪೋರ್ಟನ್ನು (ನೆಟ್‌ವರ್ಕ್ ಸಂಪರ್ಕಕ್ಕೆ ಇರುವ, ನಂಬರ್ ಹಾಕಿದ ಬಾಗಿಲು) ಬೇರೆ ಪ್ರೋಗ್ರಾಂ ಹಿಡಿದುಕೊಂಡಿದೆ. ಕ್ಸಾಂಪ್ ತೆಗೆದು ಮತ್ತೆ ಹಾಕಬೇಡಿ, ಸುಮ್ನೆ ಸಮಯ ಹಾಳು.

ಅಪಾಚೆಗೆ 80 ಮತ್ತು 443 ಪೋರ್ಟ್ ಖಾಲಿ ಇರಬೇಕು. ಕ್ಸಾಂಪ್ ಕಂಟ್ರೋಲ್ ಪ್ಯಾನೆಲ್‌ನಲ್ಲೇ ನೆಟ್‌ಸ್ಟ್ಯಾಟ್ ಬಟನ್ ಇದೆ, ಒತ್ತಿ. 80ರ ಎದುರು ಯಾರ ಹೆಸರಿದೆ ನೋಡಿ. ‘ಸಿಸ್ಟಮ್’ ಅಂತಿದ್ದರೆ ಹೆಚ್ಚಾಗಿ ಅದು ವಿಂಡೋಸ್‌ನದೇ ವೆಬ್ ಸರ್ವರ್ ಐಐಎಸ್. ನಿಮಗೆ ಅದು ಬೇಡವಾದರೆ ಸರ್ವೀಸಸ್‌ಗೆ ಹೋಗಿ ‘ವರ್ಲ್ಡ್ ವೈಡ್ ವೆಬ್ ಪಬ್ಲಿಷಿಂಗ್ ಸರ್ವೀಸ್’ ನಿಲ್ಲಿಸಿ. ಐಐಎಸ್ ನಿಮಗೆ ಬೇಕು ಅಂದರೆ ಅದನ್ನು ಮುಟ್ಟಬೇಡಿ. ಬದಲಿಗೆ ಅಪಾಚೆಯ ಕಾನ್ಫಿಗ್ (ಸೆಟ್ಟಿಂಗ್) ಫೈಲಿನಲ್ಲಿ ‘ಲಿಸನ್ 80’ ಇರುವ ಕಡೆ 8080 ಮಾಡಿ ಉಳಿಸಿ. ಆಮೇಲೆ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ ಆದ ಮೇಲೆ :8080 ಹಾಕಲೇಬೇಕು. ಅದನ್ನು ಮರೆತು ‘ಇನ್ನೂ ಬರ್ತಿಲ್ಲ’ ಅನ್ನುವವರೇ ಜಾಸ್ತಿ!

ಇನ್ನು ಎಡಿಟರ್ ವಿಷಯ: ಮೈಕ್ರೋಸಾಫ್ಟ್‌ನ ಕೋಡ್ ಎಡಿಟರ್ ವಿಎಸ್ ಕೋಡ್ ಓಪನ್ ಸೋರ್ಸ್ (ಸೋರ್ಸ್ ಕೋಡನ್ನು ಯಾರು ಬೇಕಾದರೂ ನೋಡಿ, ಬದಲಿಸಿ ಬಳಸಬಹುದಾದದ್ದು) ಅಲ್ವಾ ಅಂತಲೂ ಕೇಳಿದ್ದೀರಿ. ಅದರ ಸೋರ್ಸ್ ಎಂಐಟಿ ಎಂಬ ಓಪನ್ ಸೋರ್ಸ್ ಲೈಸೆನ್ಸ್‌ನಲ್ಲಿದೆ. ಆದರೆ ಮೈಕ್ರೋಸಾಫ್ಟ್ ಕೊಡುವ ಇನ್‌ಸ್ಟಾಲರ್‌ಗೆ ಬೇರೆಯೇ ಲೈಸೆನ್ಸ್. ಪೂರ್ತಿ ಓಪನ್ ಸೋರ್ಸೇ ಬೇಕೆಂದರೆ ಅದೇ ಸೋರ್ಸ್‌ನಿಂದ ಕಟ್ಟಿದ ವಿಎಸ್‌ಕೋಡಿಯಂ ಹಾಕಿಕೊಳ್ಳಿ. ಅದಕ್ಕೆ ಎಕ್ಸ್‌ಟೆನ್ಶನ್‌ಗಳು (ಎಡಿಟರ್‌ಗೆ ಹೆಚ್ಚುವರಿ ಸೌಲಭ್ಯ ಸೇರಿಸುವ ತುಣುಕುಗಳು) ಓಪನ್ ವಿಎಸ್‌ಎಕ್ಸ್ ಎಂಬ ಆನ್‌ಲೈನ್ ಸಂಗ್ರಹದಿಂದ ಬರುತ್ತವೆ, ಕೆಲವು ಅಲ್ಲಿ ಸಿಗುವುದಿಲ್ಲ. ಪಿಎಚ್‌ಪಿ ಕಲಿಯಲು ಅದೇನೂ ಅಡ್ಡಿಯಾಗದು.