ಇಸ್ಲಾಮಿಕ್ ಕಲೆಯಲ್ಲಿ ಮನುಷ್ಯರ ಚಿತ್ರವೇ ಇಲ್ಲವೇ? ಬರೀ ಬಳ್ಳಿ, ನಕ್ಷತ್ರಗಳ ವಿನ್ಯಾಸವೇ?

ಇದು ಅರ್ಧ ನಿಜ ಅಷ್ಟೇ. ಮಸೀದಿಯಲ್ಲಿ, ಕುರಾನ್ ಪ್ರತಿಗಳಲ್ಲಿ ಮನುಷ್ಯರ ಚಿತ್ರ ಬರೆಯುತ್ತಿರಲಿಲ್ಲ. ಅರಮನೆಯ ಕಥೆಯೇ ಬೇರೆ. ಜೋರ್ಡಾನ್‌ನ ಕುಸೈರ್ ಅಮ್ರಾ ಎಂಬ ಸಣ್ಣ ಅರಮನೆಯಲ್ಲಿ 8ನೇ ಶತಮಾನದ ಗೋಡೆಚಿತ್ರಗಳಿವೆ: ಬೇಟೆ, ರಾಜರು, ಸ್ನಾನ ಮಾಡುವ ಹೆಂಗಸರು ಕೂಡ! ಪರ್ಷಿಯಾದ ಚಿತ್ರಕಾರ ಬೆಹ್ಜಾದ್ ಅರಮನೆ ಕಟ್ಟುವ ದೃಶ್ಯ ಬರೆದಾಗ ಅದರಲ್ಲಿ ರಾಜನಿಲ್ಲ, ಏಣಿ ಹತ್ತುವ, ಇಟ್ಟಿಗೆ ಹೊರುವ ಕೂಲಿಯವರಿದ್ದಾರೆ.

ಆದರೂ ಇಸ್ಲಾಮಿಕ್ ಕಲೆಯಲ್ಲಿ ಚಿತ್ರಕ್ಕಿಂತ ಅಕ್ಷರಕ್ಕೇ ಜಾಸ್ತಿ ಮರ್ಯಾದೆ. ವಿಜಯಪುರದ ಇಬ್ರಾಹಿಂ ರೋಜಾಕ್ಕೆ ಹೋದರೆ ಕಿಟಕಿಗಳ ಹತ್ತಿರ ಸ್ವಲ್ಪ ನಿಲ್ಲಿ. 17ನೇ ಶತಮಾನದ ಕೆಲಸ. ಕಲ್ಲನ್ನೇ ಅರಬ್ಬಿ ಅಕ್ಷರಗಳಾಗಿ ಕೊರೆದಿದ್ದಾರೆ. ಆ ಅಕ್ಷರಗಳ ಸಂದಿಯಿಂದಲೇ ಒಳಗೆ ಬೆಳಕು ಬೀಳುತ್ತದೆ.

ಯುರೋಪಿನವರು ಕಲೆಯ ಇತಿಹಾಸ ಬರೆದಾಗ ಚಿತ್ರ, ಶಿಲ್ಪಕ್ಕೆ ಮಣೆ ಹಾಕಿದರು. ಬಟ್ಟಲು, ರತ್ನಗಂಬಳಿ, ಬರಹವೆಲ್ಲ 'ಅಲಂಕಾರ ಕಲೆ' ಅಂತ ಪಕ್ಕಕ್ಕೆ ಹೋದವು. ಲಂಡನ್ನಿನ ಮ್ಯೂಸಿಯಂನಲ್ಲಿರುವ ಇರಾನಿನ ಅರ್ದಬೀಲ್ ರತ್ನಗಂಬಳಿ 10 ಮೀಟರಿಗೂ ಉದ್ದ. ಅದರ ಒಂದು ತುದಿಯಲ್ಲಿ ಕವಿತೆಯ ಸಾಲು, ಒಂದು ಹೆಸರು, ಹಿಜರಿ 946 (ಅಂದರೆ 1539–40) ಎಂಬ ಇಸವಿಯನ್ನೂ ನೇಯ್ದಿದ್ದಾರೆ. ಕಲಾವಿದ ಚಿತ್ರಕ್ಕೆ ಸಹಿ ಹಾಕಿದ ಹಾಗೇ ಅಲ್ವಾ? ಅದನ್ನು ಸುಮ್ನೆ ಅಲಂಕಾರ ಅನ್ನೋಕೆ ನನಗಂತೂ ಮನಸ್ಸು ಬರುವುದಿಲ್ಲ.