'ಮಳೆಗಾಲ' ಯಾವ ಸಂಧಿ?

'ಮಳೆಗಾಲ' ಆಗಮ ಸಂಧಿಯೋ ಆದೇಶ ಸಂಧಿಯೋ ಅಂತ ಮಗಳು ಹೋಂವರ್ಕ್ ಮಾಡುವಾಗ ಕೇಳಿದಳು ಅಂದಿದ್ದೀರಿ. ಅದು ಆದೇಶ. ಆದರೆ ಉತ್ತರ ನೀವೇ ಹೇಳಿಬಿಡಬೇಡಿ. ಮೊದಲು ಪದ ಬಿಡಿಸಿ ಬರೆಯಲಿ: ಮಳೆ + ಕಾಲ. 'ಕ' ಇದ್ದ ಜಾಗಕ್ಕೆ 'ಗ' ಬಂತು, ಅಲ್ವಾ? ಹೀಗೆ ಒಂದರ ಬದಲು ಇನ್ನೊಂದು ಬಂದರೆ ಆದೇಶ. 'ಮನೆಯಲ್ಲಿ' ಬಿಡಿಸಿದರೆ ಮನೆ + ಅಲ್ಲಿ. ಇಲ್ಲಿ ಏನೂ ಹೋಗಿಲ್ಲ, ನಡುವೆ ಯಕಾರ ಹೊಸದಾಗಿ ಸೇರಿದೆ. ಅದು ಆಗಮ. 'ಊರೂರು' ಲೋಪ, ಮೊದಲ ಊರಿನ ಕೊನೆಯ 'ಉ' ಬಿದ್ದುಹೋಗಿದೆ.

ನನ್ನ ಮಗ ಸುಮ್ನೆ ಹೆಸರುಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಅದಲುಬದಲು ಬರೆದಿದ್ದ. ಸ್ಲೇಟಿನಲ್ಲಿ ಬಿಡಿಸಿ ಬರೆಯಲು ಶುರು ಮಾಡಿದ ಮೇಲೆ ತಪ್ಪು ಕಡಿಮೆಯಾಯಿತು. ಇವತ್ತು ಮಗಳಿಗೆ 'ಬೆಟ್ಟದಾವರೆ' ಕೊಟ್ಟು ನೋಡಿ. 'ತಾವರೆ' ಅವಳಿಗೇ ಸಿಗಲಿ.